‘ಸಾಮಾ’ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಸಿನಿಮಾ? ಯಾರದು?

ಅರ್ಜೆಂಟೀನಾದ ಲುಕ್ರೇಸಿಯಾ ಮಾರ್ತೆಲ್ ಬರೆದು ನಿರ್ದೇಶಿಸಿದ ಸ್ಪ್ಯಾನಿಷ್ ಸಿನಿಮಾ. 2017ರ ವೆನಿಸ್ ಚಿತ್ರೋತ್ಸವದಲ್ಲಿ ಸ್ಪರ್ಧೆಯ ಹೊರಗಿನ ವಿಭಾಗದಲ್ಲಿ ಮೊದಲ ಸಲ ತೆರೆ ಕಂಡಿತು. ಎರಡು ಗಂಟೆಗೆ ಐದು ನಿಮಿಷ ಕಮ್ಮಿ. ಇಂಗ್ಲಿಷ್‌ನಲ್ಲಿ ಹೆಸರು ನೋಡಿದವರು ‘ಝಾಮಾ’ ಅಂತಾರೆ. ಲ್ಯಾಟಿನ್ ಅಮೆರಿಕದವರ ಬಾಯಲ್ಲಿ ಅದು ‘ಸಾಮಾ’. ಇಲ್ಲಿ ಹಾಗೇ ಬರೆದಿದ್ದೇನೆ.

ಕಥೆ ಏನು?

ಹದಿನೆಂಟನೇ ಶತಮಾನದ ಕೊನೆಯ ವರ್ಷಗಳು. ದಕ್ಷಿಣ ಅಮೆರಿಕದ ಒಳನಾಡಿನಲ್ಲಿ, ನದಿ ದಂಡೆಯ ಒಂದು ಮೂಲೆಯ ಊರು. ದೋನ್ ದಿಯೆಗೋ ದೆ ಸಾಮಾ ಅಲ್ಲಿ ಸ್ಪೇನ್ ರಾಜನ ಕಾನೂನು ಅಧಿಕಾರಿ. ಹೆಂಡತಿ ಮಕ್ಕಳು ದೂರದಲ್ಲಿದ್ದಾರೆ. ಲೆರ್ಮಾ ಅನ್ನುವ ಊರಿಗೆ ವರ್ಗಾವಣೆ ಬೇಕು. ಅದಕ್ಕೆ ರಾಜ್ಯಪಾಲರು ರಾಜನಿಗೆ ಒಂದು ಪತ್ರ ಬರೆಯಬೇಕು. ಅವರು ಬರೆಯುವುದಿಲ್ಲ. ಬರೆಯುತ್ತೇನೆ ಅಂದಾಗಲೂ, ಮೊದಲ ಪತ್ರವನ್ನು ಮಹಾರಾಜರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಒಂದೆರಡು ವರ್ಷ ಬಿಟ್ಟು ಇನ್ನೊಂದು ಬರೆಯಬೇಕು ಅಂತ ಹೇಳಿ ಕಳಿಸುತ್ತಾರೆ. ಅಷ್ಟರಲ್ಲಿ ಆ ರಾಜ್ಯಪಾಲರೇ ಬದಲಾಗುತ್ತಾರೆ.

ವರ್ಗಾವಣೆ ಆದೇಶಕ್ಕೆ ಕಾದು ಕೂತ ಸರ್ಕಾರಿ ನೌಕರರನ್ನು ನಾವೆಲ್ಲ ನೋಡಿದ್ದೇವೆ. ಫೈಲು ಯಾವ ಟೇಬಲ್ ಮೇಲಿದೆ, ಸಾಹೇಬರ ಸಹಿ ಆಯಿತೋ ಇಲ್ಲವೋ ಅಂತ ದಿನಾ ವಿಚಾರಿಸುವವರು. ಆ ಸಂಕಟ ಗೊತ್ತಿದ್ದವರಿಗೆ ಸಾಮಾನನ್ನು ಬೇರೆಯಾಗಿ ಪರಿಚಯಿಸಬೇಕಿಲ್ಲ.

ನನಗೆ ತುಂಬ ಚುಚ್ಚಿದ ಪ್ರಸಂಗ ಒಂದಿದೆ. ವೆಂತುರಾ ಪ್ರಿಯೆತೋ ಅಂತ ಸಾಮಾನ ಕಚೇರಿಯಲ್ಲೇ ಇರುವ ಸಹೋದ್ಯೋಗಿ. ಇಬ್ಬರಿಗೂ ಜಗಳವಾಗಿ ಕೈ ಕೈ ಮಿಲಾಯಿಸುತ್ತಾರೆ. ಶಿಕ್ಷೆಯಾಗಿ ಪ್ರಿಯೆತೋನನ್ನು ಆ ಊರಿಂದ ಹೊರಗೆ ಹಾಕುತ್ತಾರೆ. ಎಲ್ಲಿಗೆ ಕಳಿಸುತ್ತಾರೆ ಗೊತ್ತಾ? ಲೆರ್ಮಾಗೆ. ಸಾಮಾ ವರ್ಷಗಟ್ಟಲೆ ಬೇಡುತ್ತಿದ್ದ ಊರಿಗೇ.

ಅವನಿಗೆ ವರ್ಗಾವಣೆ ಯಾಕೆ ಸಿಗುವುದಿಲ್ಲ? ಅಧಿಕಾರಿ ತಾನೇ?

ಅಧಿಕಾರಿ ಹೌದು, ಆದರೆ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಇಡೀ ಕಥೆಯ ಗಂಟು ಇಲ್ಲಿದೆ.

ಸ್ಪೇನ್‌ನ ವಸಾಹತುಗಳಲ್ಲಿ ಬಿಳಿಯರೊಳಗೇ ಎರಡು ಪಂಗಡ. ಸ್ಪೇನ್‌ನಲ್ಲೇ ಹುಟ್ಟಿ ಬಂದವರು ಒಂದು ಕಡೆ. ಸ್ಪೇನ್ ಮೂಲದ ಅಪ್ಪ ಅಮ್ಮನಿಗೆ ವಸಾಹತಿನಲ್ಲಿ ಹುಟ್ಟಿದವರು ಇನ್ನೊಂದು ಕಡೆ. ಈ ಎರಡನೆಯವರಿಗೆ ಕ್ರಿಯೋಯೋ ಅಂತ ಹೆಸರು. ರಕ್ತ ಒಂದೇ, ಭಾಷೆ ಒಂದೇ, ಧರ್ಮ ಒಂದೇ. ಆದರೂ ದೊಡ್ಡ ಹುದ್ದೆ ಬಂದಾಗ ಅಲ್ಲಿಂದ ಬಂದವರಿಗೇ ಮಣೆ. ಹದಿನೆಂಟನೇ ಶತಮಾನದಲ್ಲಿ ಸ್ಪೇನ್ ಆಳಿದ ಬೂರ್ಬೋನ್ ಮನೆತನ ಆಡಳಿತವನ್ನು ಬಿಗಿ ಮಾಡಲು ಹೊರಟಾಗ ಇದು ಇನ್ನೂ ಜಾಸ್ತಿಯಾಯಿತು. 1776ರಲ್ಲಿ ಬ್ಯೂನಸ್ ಐರಿಸ್ ರಾಜಧಾನಿಯಾಗಿ ರಿಯೋ ದೆ ಲಾ ಪ್ಲಾತಾ ಅನ್ನುವ ಹೊಸ ಆಡಳಿತ ಪ್ರಾಂತ್ಯ ಹುಟ್ಟಿತು. 1782ರಲ್ಲಿ ಅದರೊಳಗಿನ ವ್ಯವಸ್ಥೆಯೂ ಬದಲಾಯಿತು. ಅಲ್ಲಿಯವರೆಗೆ ಊರೂರು ಆಳುತ್ತಿದ್ದ ಕೊರ್ರೆಹಿದೋರ್ ಅನ್ನುವ ಅಧಿಕಾರಿಗಳ ಹುದ್ದೆ ಹೋಗಿ, ಹೊಸ ಅಧಿಕಾರಿಗಳು ಬಂದರು.

ಸಾಮಾ ಹಿಂದೆ ಕೊರ್ರೆಹಿದೋರ್ ಆಗಿದ್ದವನು. ಆಗ ಅವನ ಮಾತೇ ಕಾನೂನು. ಈಗ ಇನ್ನೊಬ್ಬರ ಕೈಕೆಳಗೆ ಸಲಹೆ ಕೊಡುವ ಕೆಲಸ. ಅವನು ಕುಂತಲ್ಲಿ ನಿಂತಲ್ಲಿ ಹಳೆಯ ಗತ್ತನ್ನು ಹೊತ್ತೇ ಇರುತ್ತಾನೆ. ಕತ್ತಿ, ಮೂರು ಮೂಲೆಯ ಟೋಪಿ, ಕೆಂಪು ಕೋಟು, ತಲೆಗೆ ಸರಿಯಾಗಿ ಕೂರದ ವಿಗ್. ತಾನು ಈ ಮಣ್ಣಿನವನಲ್ಲ ಅಂತ ಅವನು ನಂಬಿದ್ದಾನೆ. ಮೇಲಿನವರು ಅವನನ್ನು ಈ ಮಣ್ಣಿನವನು ಅಂತಲೇ ಎಣಿಸುತ್ತಾರೆ.

ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೆ ಒಬ್ಬ ಕೈದಿ ಒಂದು ಮೀನಿನ ವಿಷಯ ಹೇಳುತ್ತಾನೆ. ಆ ಮೀನನ್ನು ನದಿಯ ನೀರೇ ದಡಕ್ಕೆ ತಳ್ಳುತ್ತದಂತೆ. ನೀರಲ್ಲೇ ಉಳಿಯುವುದಕ್ಕೆ ಅದು ಜೀವಮಾನವೆಲ್ಲ ಸೆಣಸುತ್ತದಂತೆ. ಆಮೇಲೆ ನೀರೊಳಗೆ ಒದ್ದಾಡುವ ಮೀನುಗಳು ಪರದೆ ತುಂಬುತ್ತವೆ. ಸಾಮಾನ ಜಾತಕ ಅಲ್ಲೇ ಬರೆದಾಯಿತು.

ಇದು ಕಾದಂಬರಿ ಆಧಾರಿತವಾ?

ಹೌದು. ಅಂತೋನಿಯೋ ದಿ ಬೆನೆದೆತ್ತೋ 1956ರಲ್ಲಿ ಇದೇ ಹೆಸರಿನ ಕಾದಂಬರಿ ಪ್ರಕಟಿಸಿದರು. ಅವರು ಅರ್ಜೆಂಟೀನಾದ ಪಶ್ಚಿಮ ಭಾಗದ ಮೆಂದೋಸಾ ಊರಿನವರು, ಪತ್ರಕರ್ತರು. ಪುಸ್ತಕವನ್ನು ಅವರು ಅರ್ಪಿಸಿದ್ದು ಕಾಯುವಿಕೆಗೆ ಬಲಿಯಾದವರಿಗೆ.

ಇದಾಗಿ 20 ವರ್ಷಕ್ಕೆ, 1976ರ ಮಾರ್ಚ್‌ನಲ್ಲಿ ಅರ್ಜೆಂಟೀನಾದಲ್ಲಿ ಸೇನೆ ಅಧಿಕಾರ ಹಿಡಿದಾಗ ದಿ ಬೆನೆದೆತ್ತೋ ಅವರನ್ನು ಬಂಧಿಸಿದರು. ಚಿತ್ರಹಿಂಸೆ ಕೊಟ್ಟರು. 1977ರಲ್ಲಿ ಬಿಟ್ಟಾಗ ದೇಶ ಬಿಟ್ಟು ಸ್ಪೇನ್ ಸೇರಿದರು. ಸೇನಾಡಳಿತ ಹೋದ ಮೇಲೆ ವಾಪಸ್ ಬಂದರು. 1986ರಲ್ಲಿ ತೀರಿಕೊಂಡರು. ಹೊರಗಿನ ಜಗತ್ತಿಗೆ ಅವರ ಹೆಸರು ತಲುಪಿದ್ದು ಬಹಳ ತಡವಾಗಿ. ಈ ಕಾದಂಬರಿಯ ಇಂಗ್ಲಿಷ್ ಅನುವಾದ ಬಂದದ್ದೇ 2016ರಲ್ಲಿ, ಅಂದರೆ ಪುಸ್ತಕ ಪ್ರಕಟವಾಗಿ 60 ವರ್ಷಕ್ಕೆ.

ಕಾದಂಬರಿಗೂ ಸಿನಿಮಾಕ್ಕೂ ಏನು ವ್ಯತ್ಯಾಸ?

ಕಾದಂಬರಿ ಪೂರ್ತಿ ಸಾಮಾನ ಬಾಯಲ್ಲೇ ಇದೆ. ‘ನಾನು, ನಾನು’ ಅಂತ ಅವನೇ ಹೇಳಿಕೊಳ್ಳುತ್ತಾನೆ. 1790, 1794, 1799 ಅಂತ ಮೂರು ಭಾಗ. ಸಿನಿಮಾದಲ್ಲಿ ಇಸವಿಯೂ ಇಲ್ಲ, ಹಿನ್ನೆಲೆಯಲ್ಲಿ ಕಥೆ ಹೇಳುವ ಸಾಮಾನ ದನಿಯೂ ಇಲ್ಲ. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ವರ್ಷಗಳು ಜಾರಿ ಹೋಗಿರುತ್ತವೆ. ಅವನ ಗಡ್ಡ ನೋಡಿ, ಬಟ್ಟೆ ನೋಡಿ, ಇರುವ ಮನೆ ನೋಡಿ ನಾವೇ ಅಂದಾಜು ಮಾಡಬೇಕು. ಒಳ್ಳೆಯ ಮನೆಯಿಂದ ಪಾಳು ಬಿದ್ದ ವಸತಿಗೆ ಅವನು ಇಳಿಯುವುದೇ ಇಲ್ಲಿ ಕ್ಯಾಲೆಂಡರ್.

ಇದು ನನ್ನ ಪ್ರಕಾರ ಸರಿಯಾದ ತೀರ್ಮಾನ. ತಾರೀಖು ತೋರಿಸಿದ್ದರೆ ಎಷ್ಟು ವರ್ಷ ಕಳೆಯಿತು ಅಂತ ನಮಗೆ ಲೆಕ್ಕ ಸಿಗುತ್ತಿತ್ತು. ಕಾಯುತ್ತಾ ಕೂತವನಿಗೆ ಆ ಲೆಕ್ಕ ತಪ್ಪಿ ಹೋಗಿರುತ್ತದೆ.

ಅಂದ ಹಾಗೆ, ಈ ಪುಸ್ತಕವನ್ನು ತೆರೆಗೆ ತರಲು ಮಾರ್ತೆಲ್‌ಗಿಂತ ಮುಂಚೆ ನಿಕೊಲಾಸ್ ಸಾರ್ಕಿಸ್ ಅನ್ನುವ ನಿರ್ದೇಶಕರು 1980ರ ದಶಕದಲ್ಲಿ ಕೈ ಹಾಕಿದ್ದರು. ಅದು ಅರ್ಧಕ್ಕೇ ನಿಂತಿತು.

ಶುರುವಿನಲ್ಲಿ ಅಷ್ಟೊಂದು ದೇಶ, ಕಂಪನಿಗಳ ಹೆಸರು ಬರುತ್ತವಲ್ಲ, ಯಾಕೆ?

ಈ ಪ್ರಶ್ನೆಯನ್ನು ಸಾಕಷ್ಟು ಜನ ಕೇಳುತ್ತಾರೆ. ಹೆಸರುಗಳ ಪಟ್ಟಿ ನೋಡಿ ಸುಸ್ತಾಗುವುದು ಸಹಜ.

ಮುಖ್ಯ ನಿರ್ಮಾಣ ಅರ್ಜೆಂಟೀನಾದ ರೇಯ್ ಸಿನೆ ಸಂಸ್ಥೆಯದು. ಬ್ರೆಜಿಲ್ ಕಡೆಯಿಂದ ವಾನಿಯಾ ಕಟಾನಿ ಅವರ ಬನನೇಯ್ರಾ ಫಿಲ್ಮೆಸ್. ಸ್ಪೇನ್‌ನಿಂದ ಪೆದ್ರೊ ಅಲ್ಮೊದೊವಾರ್ ಮತ್ತು ಅವರ ತಮ್ಮನ ಎಲ್ ದೆಸೆಯೋ. ಇದೇ ಸಂಸ್ಥೆ ಮಾರ್ತೆಲ್ ಅವರ ಹಿಂದಿನ ಎರಡು ಸಿನಿಮಾಗಳಿಗೂ ಕೈಜೋಡಿಸಿತ್ತು. ಮೆಕ್ಸಿಕೋದಿಂದ ನಟರಾದ ಗಾಯೆಲ್ ಗಾರ್ಸಿಯಾ ಬೆರ್ನಾಲ್ ಮತ್ತು ದಿಯೆಗೋ ಲೂನಾ ಕಟ್ಟಿದ ಕನಾನಾ. ಅಮೆರಿಕದಿಂದ ನಟ ಡ್ಯಾನಿ ಗ್ಲೋವರ್ ಪಾಲುದಾರರಾಗಿರುವ ಲೂವರ್ಚರ್ ಫಿಲ್ಮ್ಸ್. ಪೋರ್ಚುಗಲ್‌ನಿಂದ ಒ ಸೊಂ ಎ ಅ ಫೂರಿಯಾ. ಜತೆಗೆ ಫ್ರಾನ್ಸ್, ನೆದರ್‌ಲ್ಯಾಂಡ್ಸ್‌ನ ಸಂಸ್ಥೆಗಳು.

ಹೀಗೆ ಯಾಕೆ ಮಾಡುತ್ತಾರೆ? ಲ್ಯಾಟಿನ್ ಅಮೆರಿಕದಲ್ಲಿ ಇಂಥ ಸಿನಿಮಾಕ್ಕೆ ಒಬ್ಬನೇ ನಿರ್ಮಾಪಕ ಪೂರ್ತಿ ದುಡ್ಡು ಹಾಕುವುದು ಕಷ್ಟ. ಹಳೆಯ ಕಾಲದ ಕಥೆ ಅಂದರೆ ಬಟ್ಟೆ, ಮನೆ, ಕುದುರೆ, ದೋಣಿ ಎಲ್ಲಕ್ಕೂ ಖರ್ಚು. ಅರ್ಜೆಂಟೀನಾದಲ್ಲಿ ಇಂಕಾ ಅನ್ನುವ ಸರ್ಕಾರಿ ಸಿನಿಮಾ ಸಂಸ್ಥೆ ಇದೆ, ಬೇರೆ ದೇಶಗಳಲ್ಲೂ ಅಂಥ ನಿಧಿಗಳಿವೆ. ಎರಡು ದೇಶಗಳ ನಡುವೆ ಸಹ ನಿರ್ಮಾಣದ ಒಪ್ಪಂದವಿದ್ದರೆ ಆ ಸಿನಿಮಾ ಎರಡೂ ಕಡೆ ‘ನಮ್ಮದು’ ಅಂತ ಲೆಕ್ಕಕ್ಕೆ ಬರುತ್ತದೆ. ಎರಡೂ ಕಡೆಯ ನೆರವಿಗೆ ಅರ್ಜಿ ಹಾಕಬಹುದು. ಅದಕ್ಕೆ ಪ್ರತಿಯಾಗಿ ಆ ದೇಶದ ಕಲಾವಿದರು, ತಂತ್ರಜ್ಞರು ಸಿನಿಮಾದಲ್ಲಿ ಇರಬೇಕು. ಭಾರತಕ್ಕೂ ಸ್ಪೇನ್, ಬ್ರೆಜಿಲ್, ಫ್ರಾನ್ಸ್ ದೇಶಗಳ ಜತೆ ಇಂಥ ಒಪ್ಪಂದಗಳಿವೆ. ಕನ್ನಡದ ಹೊಸ ನಿರ್ದೇಶಕರು ಈ ದಾರಿಯನ್ನು ಗಂಭೀರವಾಗಿ ನೋಡಬೇಕು ಅಂತ ನನಗೆ ಅನ್ನಿಸುತ್ತದೆ.

ಎಷ್ಟೋ ಸಲ ಹೀಗೆ ಸೇರಿದ ತಂಡ ಎಲ್ಲೂ ಸಲ್ಲದ ಸಿನಿಮಾ ಮಾಡಿಬಿಡುತ್ತದೆ. ಒಬ್ಬೊಬ್ಬರ ಉಚ್ಚಾರಣೆ ಒಂದೊಂದು ಥರ, ಕಥೆಗೆ ಊರೇ ಇಲ್ಲ. ಇಲ್ಲಿ ಹಾಗಾಗಿಲ್ಲ. ಸಾಮಾ ಪಾತ್ರದ ದಾನಿಯೆಲ್ ಹಿಮೆನೆಸ್ ಕಾಚೋ ಮೆಕ್ಸಿಕೋದವರು, ಹುಟ್ಟಿದ್ದು ಸ್ಪೇನ್‌ನಲ್ಲಿ. ಲುಸಿಯಾನಾ ಅನ್ನುವ ಶ್ರೀಮಂತ ಹೆಂಗಸಿನ ಪಾತ್ರದ ಲೋಲಾ ದುವೆನ್ಯಾಸ್ ಸ್ಪೇನ್‌ನವರು. ದರೋಡೆಕೋರ ವಿಕುನ್ಯಾ ಪೋರ್ತೋ ಆಗಿರುವ ಮಾತೇವುಸ್ ನಾಕ್ತರ್‌ಗೇಲ್ ಬ್ರೆಜಿಲ್‌ನವರು. ಕಲಾ ನಿರ್ದೇಶಕಿ ರೆನಾಟಾ ಪಿನ್ಯೇರೊ ಬ್ರೆಜಿಲ್, ಛಾಯಾಗ್ರಾಹಕ ರುಯಿ ಪೋಸಾಸ್ ಪೋರ್ಚುಗಲ್. ವಸಾಹತಿನ ಊರೂ ಹೀಗೇ ಇತ್ತಲ್ಲ. ಸ್ಪೇನ್‌ನಿಂದ ಬಂದವರು, ಇಲ್ಲೇ ಹುಟ್ಟಿದವರು, ಗಡಿಯಾಚೆಯ ಪೋರ್ಚುಗೀಸರು, ಆಫ್ರಿಕಾದಿಂದ ಹಿಡಿದು ತಂದ ಗುಲಾಮರು, ಮೂಲನಿವಾಸಿಗಳು. ಒಂದೇ ರೀತಿ ಮಾತಾಡುವ ತಂಡ ಇದ್ದಿದ್ದರೆ ಅದೇ ಸುಳ್ಳಾಗುತ್ತಿತ್ತು.

ಎಲ್ಲಿ ಚಿತ್ರೀಕರಣ ಆಯಿತು?

ಮುಖ್ಯವಾಗಿ ಅರ್ಜೆಂಟೀನಾದ ಈಶಾನ್ಯ ಭಾಗದ ಕೊರ್ರಿಯೆಂತೆಸ್ ಮತ್ತು ಫೊರ್ಮೊಸಾ ಪ್ರಾಂತ್ಯಗಳಲ್ಲಿ, 2015ರಲ್ಲಿ. ಫೊರ್ಮೊಸಾದ ಆಚೆ ದಡವೇ ಪರಾಗ್ವೆ. ಜೌಗು ನೆಲ, ಆಳೆತ್ತರದ ಹುಲ್ಲು, ಬೀಸಣಿಗೆ ಎಲೆಯ ತಾಳೆ ಮರಗಳು. ಕೊನೆಯ ಭಾಗದ ಹಸಿರು ನೋಡಿದರೆ ಕಣ್ಣು ಕೋರೈಸುತ್ತದೆ. ಚಿತ್ರೀಕರಣದ ದಿನಗಳ ಬಗ್ಗೆ ಕಾದಂಬರಿಗಾರ್ತಿ ಸೆಲ್ವಾ ಅಲ್ಮಾದಾ ಒಂದು ಪುಟ್ಟ ಪುಸ್ತಕ ಬರೆದಿದ್ದಾರೆ. ಮನುವೆಲ್ ಅಬ್ರಮೋವಿಚ್ ಒಂದು ಸಾಕ್ಷ್ಯಚಿತ್ರ ಮಾಡಿದ್ದಾರೆ.

ಮಾರ್ತೆಲ್ ಅವರ ಹಿಂದಿನ ಸಿನಿಮಾ 2008ರದು. ಇದು 2017. ಒಂಬತ್ತು ವರ್ಷ ಏನು ಮಾಡುತ್ತಿದ್ದರು?

ಮೊದಲು ಅರ್ಜೆಂಟೀನಾದ ಒಂದು ಹೆಸರಾಂತ ಕಾಮಿಕ್ಸ್ ಪುಸ್ತಕವನ್ನು ಸಿನಿಮಾ ಮಾಡುವ ಕೆಲಸದಲ್ಲಿದ್ದರು. ಅನ್ಯಗ್ರಹದವರು ಬ್ಯೂನಸ್ ಐರಿಸ್ ಮೇಲೆ ದಾಳಿ ಮಾಡುವ ಕಥೆ. ಅದು ಮುರಿದು ಬಿತ್ತು. ಆಮೇಲೆ ಗೆಳೆಯರ ಜತೆ ದೋಣಿ ಹತ್ತಿ ಪರಾನಾ ನದಿಯಲ್ಲಿ ಉತ್ತರಕ್ಕೆ ಹೋದರು. ಆ ಪ್ರಯಾಣದಲ್ಲೇ ಅವರು ಈ ಕಾದಂಬರಿ ಓದಿದ್ದು. ಬರೆಯಲು, ಇಷ್ಟು ದೇಶಗಳಿಂದ ದುಡ್ಡು ಹೊಂದಿಸಲು, ಸಂಕಲನ ಮುಗಿಸಲು ವರ್ಷಗಳು ಹಿಡಿದವು.

ಆ ಅನ್ಯಗ್ರಹದ ಕಥೆಯ ನೆರಳು ಇದರ ಮೇಲೂ ಬಿದ್ದಿದೆ. ಭವಿಷ್ಯವನ್ನು ಕಲ್ಪಿಸಿಕೊಳ್ಳುವ ಹಾಗೇ ಭೂತಕಾಲವನ್ನೂ ಕಲ್ಪಿಸಿಕೊಳ್ಳಬೇಕು ಅನ್ನುವುದು ಮಾರ್ತೆಲ್ ವಾದ. ಯಾಕೆಂದರೆ ಆ ಕಾಲದ ದಾಖಲೆ ಬರೆದವರೆಲ್ಲ ಆಳುವವರೇ. ಆಳಿಸಿಕೊಂಡವರು ಏನು ಯೋಚಿಸುತ್ತಿದ್ದರು, ಹೇಗೆ ನಗುತ್ತಿದ್ದರು ಅಂತ ಆ ಕಾಗದಗಳಲ್ಲಿ ಸಿಗುವುದಿಲ್ಲ.

ಶಬ್ದದ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಏನಿದೆ ಅಂಥದ್ದು?

ಈ ಸಿನಿಮಾಕ್ಕೆ ಬಾಗಿಲು ಇರುವುದೇ ಕಿವಿಯಲ್ಲಿ. ದಯವಿಟ್ಟು ಮೊಬೈಲ್ ಸ್ಪೀಕರ್‌ನಲ್ಲಿ ನೋಡಬೇಡಿ. ಒಳ್ಳೆಯ ಇಯರ್‌ಫೋನ್ ಹಾಕಿಕೊಳ್ಳಿ.

ಮಾರ್ತೆಲ್ ಬರೆಯುವಾಗಲೇ ಶಬ್ದವನ್ನು ಯೋಚಿಸುವವರು. ಗೀದೋ ಬೆರೆನ್‌ಬ್ಲುಮ್ ಅವರ ಶಬ್ದ ವಿನ್ಯಾಸಕಾರ. ಪರದೆಯಲ್ಲಿ ಒಂದು ಕೋಣೆ, ಇಬ್ಬರು ಮಾತಾಡುತ್ತಿದ್ದಾರೆ. ಆದರೆ ಹುಳುಗಳ ಜಿರ್ ಜಿರ್, ಹಕ್ಕಿಗಳ ಕೂಗು, ಪಕ್ಕದ ಕೋಣೆಯ ಪಿಸುಮಾತು ಎಲ್ಲ ಒಳಗೆ ನುಗ್ಗುತ್ತವೆ. ಲುಸಿಯಾನಾ ಮನೆಯ ದೃಶ್ಯ ನೋಡಿ. ಇಬ್ಬರೂ ಸರಸದ ಮಾತಾಡುತ್ತಿದ್ದಾರೆ. ಪಕ್ಕದಲ್ಲಿ ಗುಲಾಮನೊಬ್ಬ ಬೀಸಣಿಗೆ ಎಳೆಯುತ್ತಾ ನಿಂತಿದ್ದಾನೆ. ಅದರ ಕಿರ್ರ್ ಕಿರ್ರ್ ನಿಲ್ಲುವುದೇ ಇಲ್ಲ. ಅವರಿಗೆ ಅದು ಕೇಳಿಸುವುದಿಲ್ಲ, ನಮಗೆ ಅದೊಂದೇ ಕೇಳಿಸುತ್ತದೆ. ಇಲ್ಲಿ ಬ್ರಿಟಿಷ್ ಸಾಹೇಬರ ಬಂಗಲೆಗಳಲ್ಲೂ ಪಂಖಾ ಎಳೆಯಲು ಆಳು ಕೂತಿರುತ್ತಿದ್ದ, ಅಲ್ವಾ?

ಇನ್ನೊಂದು ತಂತ್ರ ಇದೆ. ಕೆಟ್ಟ ಸುದ್ದಿ ಸಾಮಾನ ಕಿವಿಗೆ ಬೀಳುವ ಹೊತ್ತಿಗೆ ಒಂದು ವಿಚಿತ್ರ ದನಿ ಶುರುವಾಗುತ್ತದೆ. ಕೆಳಗೆ, ಇನ್ನೂ ಕೆಳಗೆ ಇಳಿಯುತ್ತಲೇ ಇರುತ್ತದೆ, ತಳ ಮುಟ್ಟುವುದಿಲ್ಲ. ಇದಕ್ಕೆ ಶೆಪರ್ಡ್ ಟೋನ್ ಅಂತಾರೆ. ಒಂದೇ ಸ್ವರವನ್ನು ಬೇರೆ ಬೇರೆ ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸಿ, ಎಲ್ಲವನ್ನೂ ಕೆಳಗೆ ಇಳಿಸುತ್ತಾ ಹೋಗುತ್ತಾರೆ. ತಳದ ಸ್ವರ ಮೆಲ್ಲಗೆ ಮಾಯವಾಗುವಾಗ ಮೇಲೆ ಹೊಸದೊಂದು ಮೆಲ್ಲಗೆ ಸೇರಿಕೊಳ್ಳುತ್ತದೆ. ಕಿವಿಗೆ ಮಾತ್ರ ಬಿಡದೆ ಬೀಳುತ್ತಿರುವ ಹಾಗೆ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಎದುರಿಗಿರುವವರ ಮಾತು ಸಾಮಾನಿಗೆ ತಲುಪುವುದಿಲ್ಲ. ನಾವೂ ಅವನ ತಲೆಯೊಳಗೆ ಸಿಕ್ಕಿಕೊಂಡಿರುತ್ತೇವೆ.

ಹಳೆಯ ಕಾಲದ ಕಥೆಗೆ ಆ ಗಿಟಾರ್ ಸಂಗೀತ ಯಾಕೆ? ಹೊಂದುವುದೇ ಇಲ್ಲ.

ಅದು ಲೋಸ್ ಇಂದಿಯೋಸ್ ತಬಜಾರಾಸ್ ಅನ್ನುವ ಇಬ್ಬರು ಅಣ್ಣತಮ್ಮಂದಿರ ಗಿಟಾರ್. ಬ್ರೆಜಿಲ್‌ನ ಮೂಲನಿವಾಸಿಗಳು, ಇಪ್ಪತ್ತನೇ ಶತಮಾನದ ನಡುವಿನಲ್ಲಿ ಜಗತ್ತಿನಾದ್ಯಂತ ಹೆಸರು ಮಾಡಿದವರು. ಕಡಲ ತೀರದಲ್ಲಿ ಆರಾಮಾಗಿ ಕೂತು ಕೇಳುವಂಥ ಸಂಗೀತ. ಇತಿಹಾಸದ ಸಿನಿಮಾ ಅಂದರೆ ಗಂಭೀರ ವಾದ್ಯಮೇಳ ಬೇಕು ಅನ್ನುವ ಅಭ್ಯಾಸವನ್ನು ಅದು ಮುರಿಯುತ್ತದೆ. ನನಗಂತೂ ತುಂಬ ಹಿಡಿಸಿತು.

ರಾಜ್ಯಪಾಲರ ಕೋಣೆಯಲ್ಲಿ ಆ ಪ್ರಾಣಿ ಏನು ಮಾಡುತ್ತಿದೆ?

ಅದು ಲಾಮಾ. ಸಾಮಾ ಗಂಭೀರವಾಗಿ ತನ್ನ ಅಹವಾಲು ಹೇಳುತ್ತಿರುವಾಗ ಅದು ಸುಮ್ನೆ ಒಳಗೆ ಬಂದು ಅವನ ಹಿಂದೆ ಓಡಾಡುತ್ತದೆ. ಇದಕ್ಕೊಂದು ಗೂಢಾರ್ಥ ಹುಡುಕುತ್ತಾ ಕೂರಬೇಡಿ. ಆ ಊರಲ್ಲಿ ಕಚೇರಿಗೂ ಕೊಟ್ಟಿಗೆಗೂ ಗೋಡೆಯಿಲ್ಲ. ತನ್ನ ಬದುಕಿನ ಅತಿ ದೊಡ್ಡ ಮಾತು ಆಡುತ್ತಿರುವವನನ್ನು ಮನುಷ್ಯರಷ್ಟೇ ಅಲ್ಲ, ಪ್ರಾಣಿಯೂ ಲೆಕ್ಕಕ್ಕೆ ಇಟ್ಟಿಲ್ಲ.

ಗುಲಾಮರು, ಮೂಲನಿವಾಸಿಗಳು ಹಿನ್ನೆಲೆಯಲ್ಲೇ ಉಳಿದುಬಿಟ್ಟರಲ್ಲ?

ಕಥೆ ಸಾಮಾನದು, ಆದ್ದರಿಂದ ಮಾತು ಅವನ ವರ್ಗದವರದೇ ಜಾಸ್ತಿ. ಆದರೆ ಎರಡನೇ ಸಲ ನೋಡುವಾಗ ಚೌಕಟ್ಟಿನ ಅಂಚುಗಳನ್ನು ನೋಡಿ. ನೀರು ತರುವವರು, ಬಾಗಿಲು ಕಾಯುವವರು, ಹೊರೆ ಹೊರುವವರು ಪ್ರತಿ ದೃಶ್ಯದಲ್ಲೂ ಇದ್ದಾರೆ. ಎಲ್ಲ ಕೇಳಿಸಿಕೊಳ್ಳುತ್ತಾರೆ, ಎಲ್ಲ ನೋಡುತ್ತಾರೆ. ಮರಿಯಾನಾ ನುನೆಸ್ ಮಾಡಿರುವ ಮಾಲೆಂಬಾ ಪಾತ್ರ ಬಾಯಿ ಬಿಟ್ಟು ಒಂದು ಮಾತೂ ಆಡುವುದಿಲ್ಲ. ಅವಳು ನೋಡುವ ನೋಟದಲ್ಲಿ ಲುಸಿಯಾನಾಳ ಮನೆಯ ಒಳಹೊರಗೆಲ್ಲ ತಿಳಿಯುತ್ತದೆ. ಚೌಕಟ್ಟಿನಲ್ಲಿ ಯಾರನ್ನೂ ಪೀಠೋಪಕರಣದ ಥರ ಇಟ್ಟಿಲ್ಲ. ಸಾಮಾ ಅವರನ್ನು ಹಾಗೆ ನೋಡುತ್ತಾನೆ, ಕ್ಯಾಮೆರಾ ಹಾಗೆ ನೋಡುವುದಿಲ್ಲ. ಅವನಿಗೆ ಒಬ್ಬ ಮೂಲನಿವಾಸಿ ಹೆಂಗಸಿನಲ್ಲಿ ಹುಟ್ಟಿದ ಮಗುವೂ ಇದೆ. ಆ ಮಗುವಿನ ಮುಂದೆ ಅವನು ಪರಕೀಯನ ಹಾಗೆ ನಿಲ್ಲುವುದನ್ನು ಗಮನಿಸಿ.

ನಿಧಾನ ಅನ್ನಿಸಿತು. ಅರ್ಧ ಅರ್ಥವೇ ಆಗಲಿಲ್ಲ. ನನ್ನದೇ ತಪ್ಪಾ?

ಖಂಡಿತ ಅಲ್ಲ. ಯಾರು ಯಾರಿಗೆ ಏನಾಗಬೇಕು ಅಂತ ಈ ಸಿನಿಮಾ ಪರಿಚಯ ಮಾಡಿಕೊಡುವುದಿಲ್ಲ. ಊರು ಪೂರ್ತಿ ಹೇಗಿದೆ ಅಂತ ದೂರದಿಂದ ತೋರಿಸುವುದಿಲ್ಲ. ಮಾತು ಅರ್ಧದಲ್ಲಿ ಶುರುವಾಗಿ ಅರ್ಧದಲ್ಲಿ ನಿಲ್ಲುತ್ತದೆ. ಹಾಗಾಗಿ ಮೊದಲ 20 ನಿಮಿಷ ಯಾರಿಗಾದರೂ ಕಷ್ಟವೇ.

ಒಂದು ಉಪಾಯ ಹೇಳುತ್ತೇನೆ. ಮೂರು ವಿಷಯ ನೆನಪಿಟ್ಟುಕೊಳ್ಳಿ: ಅವನಿಗೆ ಲೆರ್ಮಾ ಬೇಕು, ಅದಕ್ಕೆ ಪತ್ರ ಬೇಕು, ಊರಿನವರೆಲ್ಲ ವಿಕುನ್ಯಾ ಪೋರ್ತೋ ಅನ್ನುವ ದರೋಡೆಕೋರನಿಗೆ ಹೆದರುತ್ತಾರೆ. ಪೋರ್ತೋ ಸತ್ತ ಅಂತ ಒಬ್ಬರು, ಇದ್ದಾನೆ ಅಂತ ಇನ್ನೊಬ್ಬರು. ಅವನದೇ ಅಂತ ಒಣಗಿದ ಕಿವಿಗಳನ್ನೂ ತೋರಿಸುತ್ತಾರೆ. ಈ ಮೂರು ಎಳೆ ಹಿಡಿದುಕೊಂಡರೆ ಉಳಿದದ್ದು ತಾನಾಗಿ ಕೂಡಿಕೊಳ್ಳುತ್ತದೆ. ಕಥೆಗಾಗಿ ಮುಂದೆ ಓಡಿಸಿಕೊಂಡು ನೋಡಿದರೆ ಏನೂ ಸಿಗುವುದಿಲ್ಲ. ಕಾಯುವುದು ಹೇಗಿರುತ್ತದೆ ಅಂತ ಮೈಗೆ ತಟ್ಟಿಸುವುದು ಇದರ ಕೆಲಸ. ಅದಕ್ಕೆ ಅಷ್ಟು ಹೊತ್ತು ಬೇಕೇ ಬೇಕು.

ಕೊನೆಯಲ್ಲಿ ಏನಾಗುತ್ತದೆ? (ನೋಡದವರು ಈ ಉತ್ತರ ಬಿಟ್ಟು ಮುಂದೆ ಹೋಗಿ.)

ವಯಸ್ಸಾಗಿ, ಗಡ್ಡ ಬೆಳೆದು, ಎಲ್ಲ ಕಳೆದುಕೊಂಡ ಸಾಮಾ ಪೋರ್ತೋನನ್ನು ಹಿಡಿಯುವ ದಂಡಿನ ಜತೆ ಹೊರಡುತ್ತಾನೆ. ಇದರಿಂದಲಾದರೂ ರಾಜನ ಕೃಪೆ ಸಿಗಲಿ ಅಂತ. ಹುಡುಕುತ್ತಿದ್ದ ಪೋರ್ತೋ ಬೇರೆ ಹೆಸರಿಟ್ಟುಕೊಂಡು ಅದೇ ದಂಡಿನೊಳಗೆ ಇದ್ದಾನೆ. ಅವನಿಗೆ, ಅವನ ಕಡೆಯವರಿಗೆ ರತ್ನಗಳಿರುವ ಕಲ್ಲುಗಳ ಜಾಗ ಬೇಕು. ಆ ಕಲ್ಲುಗಳಲ್ಲಿ ಬೆಲೆಬಾಳುವಂಥದ್ದು ಏನೂ ಇಲ್ಲ ಅಂತ ಸಾಮಾ ಹೇಳಿಬಿಡುತ್ತಾನೆ. ನನಗೆ ಯಾರೂ ಮಾಡದ ಉಪಕಾರವನ್ನು ನಾನು ನಿಮಗೆ ಮಾಡುತ್ತಿದ್ದೇನೆ, ನಿಮ್ಮ ಆಸೆಗೆ ಇಲ್ಲ ಅನ್ನುತ್ತಿದ್ದೇನೆ ಅನ್ನುವ ಅರ್ಥದ ಮಾತು ಅವನ ಬಾಯಿಂದ ಬರುತ್ತದೆ. ಅವನ ಎರಡೂ ಕೈ ಕತ್ತರಿಸುತ್ತಾರೆ. ದೋಣಿಯಲ್ಲಿ ಒಬ್ಬ ಹುಡುಗ, ಬದುಕಬೇಕಾ ಅಂತ ಅವನನ್ನು ಕೇಳುತ್ತಾನೆ.

ಆ ‘ಇಲ್ಲ’ವೇ ನನಗೆ ಇಡೀ ಸಿನಿಮಾದ ತಿರುವು. ಇಷ್ಟು ವರ್ಷ ಎಲ್ಲರೂ ಅವನಿಗೆ ‘ಆಮೇಲೆ ನೋಡೋಣ’ ಅಂದರು. ಒಬ್ಬರಾದರೂ ಮೊದಲೇ ಇಲ್ಲ ಅಂದಿದ್ದರೆ ಅವನು ಬೇರೆ ಬದುಕು ಹುಡುಕಿಕೊಳ್ಳುತ್ತಿದ್ದ. ಅವನನ್ನು ತಿಂದುಹಾಕಿದ್ದು ಆಸೆ. ಕೈ ಹೋಗುವ ಹೊತ್ತಿನಲ್ಲಿ ಅವನು ಆ ಆಸೆಯಿಂದ ಬಿಡಿಸಿಕೊಂಡಿದ್ದಾನೆ. ಕೆಲವರಿಗೆ ಇದು ಬರೀ ಕತ್ತಲೆಯ ಅಂತ್ಯ. ನಾನು ಒಪ್ಪುವುದಿಲ್ಲ.

ಆಸ್ಕರ್ ಬಂತಾ?

ಇಲ್ಲ. ಅರ್ಜೆಂಟೀನಾ ಇದನ್ನು ವಿದೇಶಿ ಭಾಷಾ ವಿಭಾಗಕ್ಕೆ ಕಳಿಸಿತ್ತು, ನಾಮನಿರ್ದೇಶನ ಸಿಗಲಿಲ್ಲ. ಆ ಸಲದ ಪ್ರಶಸ್ತಿ ಪಕ್ಕದ ಚಿಲಿಗೆ ಹೋಯಿತು.

ಮಕ್ಕಳ ಜತೆ ನೋಡಬಹುದಾ?

ಬೇಡ. ನಗ್ನತೆ ಇದೆ, ಹಿಂಸೆ ಇದೆ.

ಮಾರ್ತೆಲ್ ಅವರ ಬೇರೆ ಸಿನಿಮಾ ಯಾವುದು ನೋಡಲಿ? ಇದಾದ ಮೇಲೆ ಏನು ಮಾಡಿದರು?

2001ರ ‘ಲಾ ಸಿಯೆನಗಾ’ದಿಂದ ಶುರು ಮಾಡಿ. ಅವರ ಹುಟ್ಟೂರಾದ ಸಾಲ್ತಾ ಪ್ರಾಂತ್ಯದಲ್ಲಿ ನಡೆಯುವ ಕಥೆ. ಸೆಕೆ, ಮಂಚ ಬಿಟ್ಟೇಳದ ದೊಡ್ಡವರು, ಗಾಯ ಮಾಡಿಕೊಳ್ಳುವ ಮಕ್ಕಳು, ಮನೆ ಕೆಲಸದ ಹುಡುಗಿಯರು. ಸಾಮಾನ ಕಾಲದ ಆಳು ಒಡೆಯರ ಲೆಕ್ಕಾಚಾರ 200 ವರ್ಷ ಕಳೆದರೂ ಒಂದು ಮನೆಯೊಳಗೆ ಹೇಗೆ ಉಳಿದಿದೆ ಅಂತ ಅದರಲ್ಲಿ ಕಾಣುತ್ತದೆ. ನೋಡಿದವರಿಗೆ ‘ಸಾಮಾ’ ಕೂಡ ಸಲೀಸಾಗುತ್ತದೆ.

2019ರಲ್ಲಿ ಅವರು ವೆನಿಸ್‌ನಲ್ಲಿ ತೀರ್ಪುಗಾರರ ಮಂಡಳಿಯ ಅಧ್ಯಕ್ಷೆಯಾಗಿದ್ದರು. ಆಮೇಲೆ ಬಂದದ್ದು ಸಾಕ್ಷ್ಯಚಿತ್ರ, ‘ನುವೆಸ್ತ್ರಾ ತಿಯೆರ್ರಾ’. ತುಕುಮಾನ್ ಪ್ರಾಂತ್ಯದ ಚುಸ್ಚಗಾಸ್ತಾ ಸಮುದಾಯದ ಮುಂದಾಳು ಹಾವಿಯೆರ್ ಚೊಕೊಬಾರ್ 2009ರಲ್ಲಿ ತಮ್ಮ ನೆಲ ಉಳಿಸಿಕೊಳ್ಳಲು ನಿಂತಾಗ ಗುಂಡೇಟಿಗೆ ಬಲಿಯಾದರು. ಆ ಕೊಲೆ, ಅದರ ವಿಚಾರಣೆ ಮತ್ತು ಆ ನೆಲ ಯಾರದು ಅಂತ ಶತಮಾನಗಳಿಂದ ಬರೆದಿಟ್ಟ ಕಾಗದಪತ್ರಗಳ ಕಥೆ ಅದು. 2025ರಲ್ಲಿ ಅದೂ ವೆನಿಸ್‌ನಲ್ಲೇ ಮೊದಲು ತೆರೆ ಕಂಡಿತು. ಸಾಮಾನಂಥ ಅಧಿಕಾರಿಗಳು ಸಹಿ ಹಾಕಿದ ಕಾಗದಗಳು ಇವತ್ತಿಗೂ ನ್ಯಾಯಾಲಯದಲ್ಲಿ ಯಾರ ಪರವಾಗಿ ಮಾತಾಡುತ್ತವೆ ಅಂತ ತಿಳಿಯಬೇಕಿದ್ದರೆ, ಎರಡನ್ನೂ ಒಂದರ ಹಿಂದೆ ಒಂದು ನೋಡಿ.